ಅಪ್‌ಡೇಟ್: ಅಪ್ಪ ಕೊನೆಗೂ ಆರೈಕೆ ಕೇಂದ್ರಕ್ಕೆ ಹೋದರು, ಎರಡು ವಾರ ಇದ್ದೂ ಬಂದರು

ನನ್ನ ಹರ್ನಿಯಾ ಆಪರೇಷನ್ ಇದೆ, ಅಲ್ಜೈಮರ್ಸ್ ಇರುವ ಅಪ್ಪ ಎರಡು ವಾರ ಆರೈಕೆ ಕೇಂದ್ರದಲ್ಲಿರೋಕೆ ಒಪ್ಪುತ್ತಿಲ್ಲ ಅಂತ ಕೇಳಿದ್ದೆನಲ್ಲ?

ಮೊದಲೇ ಕೂರಿಸಿ ವಿವರಿಸಿ ಅಂದಿದ್ದರು ಒಬ್ಬರು. ನಮ್ಮಲ್ಲಿ ಅದು ನಡೆಯಲಿಲ್ಲ. ಅಪ್ಪನಿಗೆ ಕಾರಣ ಮರೆತುಹೋಯಿತು, ಕೋಪ ಮಾತ್ರ ಉಳಿಯಿತು. ಎದುರಿಗೇ ಬ್ಯಾಗ್ ತುಂಬಿದ್ದು ನನ್ನದೇ ದಡ್ಡತನ. ರಾತ್ರಿಯೆಲ್ಲ ಬಾಗಿಲ ಹತ್ತಿರ ಕೂತಿದ್ದರು.

ಕೆಲಸಕ್ಕೆ ಬಂದದ್ದು 'ಮೊದಲು ಸುಮ್ನೆ ಕಾಫಿಗೆ ಕರ್ಕೊಂಡು ಹೋಗಿ' ಅಂದವರ ಸಲಹೆ. ಬನಶಂಕರಿಯ ಆ ಕೇಂದ್ರಕ್ಕೆ ಮೂರು ದಿನ ಹೋದೆವು, ಬೆಳಿಗ್ಗೆ ಹತ್ತಕ್ಕೇ. ಸಂಜೆಯಾದರೆ ಅವರಿಗೆ ಗಲಿಬಿಲಿ ಜಾಸ್ತಿ, ಅಲ್ವಾ. ನಾಲ್ಕನೇ ದಿನ ಅಲ್ಲೇ ಉಳಿದರು; ಅವರ ಹಳೇ ಕಂಬಳಿ, ರೇಡಿಯೋ ಮೊದಲೇ ಅಲ್ಲಿಗೆ ಕಳಿಸಿದ್ದೆ.

ಅಪ್ಪ ಬಿಟಿಎಸ್ (ಬೆಂಗಳೂರಿನ ಹಳೇ ಸಿಟಿ ಬಸ್) ಕಂಡಕ್ಟರ್ ಆಗಿದ್ದವರು. ಅಲ್ಲಿನ ಹುಡುಗಿ ಬಣ್ಣದ ಚೀಟಿಗಳ ಕಟ್ಟು ಕೊಟ್ಟಳಂತೆ. ಊಟಕ್ಕೆ ಬರುವವರಿಗೆಲ್ಲ ಹೆಬ್ಬೆರಳು ಒದ್ದೆ ಮಾಡಿಕೊಂಡು ಒಂದೊಂದು ಹರಿದು ಕೊಟ್ಟು, 'ಒಳಗಡೆ ಹೋಗಿ, ಒಳಗಡೆ ಹೋಗಿ' ಅನ್ನೋದು!

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಅಲ್ಲಿ ಮೂತ್ರ ಪರೀಕ್ಷೆ ಮಾಡಿಸಿದಾಗ ಸೋಂಕು ಕಾಣಿಸಿತು. ವಯಸ್ಸಾದವರಿಗೆ ಗಲಿಬಿಲಿ ದಿಢೀರನೆ ಜಾಸ್ತಿಯಾಗೋಕೆ ಅದೂ ಕಾರಣವಂತೆ. ನಾನು ಕಾಯಿಲೆಯೇ ಬಲಿತಿದೆ ಅಂದುಕೊಂಡಿದ್ದೆ.

ಮನೆಗೆ ಬಂದು ನಾಲ್ಕು ದಿನವಾಯಿತು. ಬೆಳಿಗ್ಗೆ ಎದ್ದು 'ಡ್ಯೂಟಿ ಇಲ್ವೇನೋ ಇವತ್ತು?' ಅಂತ ಕೇಳುತ್ತಿದ್ದಾರೆ.