ಅಪ್‌ಡೇಟ್: ಆರ್‌ಸಿ 390ಗೆ ಕೊನೆಗೆ ಏನು ಹಾಕಿಸಿದೆ

ಪುಣೆಯಲ್ಲಿರುವ ನನ್ನ ಕೆಟಿಎಂ ಆರ್‌ಸಿ 390 ಬೈಕಿಗೆ ಸ್ಲಿಪ್-ಆನ್ ಸೈಲೆನ್ಸರ್ (ಪೂರ್ತಿ ಪೈಪ್ ಬಿಟ್ಟು ಕೊನೆಯ ಭಾಗ ಮಾತ್ರ ಬದಲಿಸುವಂಥದ್ದು), ಹಿಂದೆ 160 ಮಿ.ಮೀ. ಅಗಲದ ಟೈರ್ ಹಾಕಿಸಲಾ ಅಂತ ಹೋದ ತಿಂಗಳು ಕೇಳಿದ್ದೆ. ಆ ಅಗಲದ ಟೈರ್ ಬೇಡ ಅಂದವರಿಗೆ ತುಂಬಾ ಥ್ಯಾಂಕ್ಸ್. ಅದನ್ನೇ ಹಾಕಿಸಿದ್ದ ಗೆಳೆಯನ ಗಾಡಿ ಓಡಿಸಿ ನೋಡಿದೆ. 4 ಇಂಚಿನ ರಿಮ್‌ನಲ್ಲಿ 160 ಟೈರ್ ಬಿಗಿದುಕೊಂಡು ಆಕಾರವೇ ಕೆಟ್ಟಿತ್ತು, ತಿರುವಿನಲ್ಲಿ ಗಾಡಿ ಸಲೀಸಾಗಿ ಬಾಗಲ್ಲ. ಕಂಪನಿ ಅಳತೆಯ 150/60ರಲ್ಲೇ (150 ಮಿ.ಮೀ. ಅಗಲ, ಅದರ ಶೇ. 60ರಷ್ಟು ಎತ್ತರ) ಒಳ್ಳೆಯ ಟೈರ್ ಹಾಕಿಸಿದೆ. ಬೆಳಗಾವಿಗೆ ಹೋಗುವಾಗ ಖಂಬಾಟ್ಕಿ ಘಾಟಿನಲ್ಲಿ ಎಂಥ ಹಿಡಿತ!

ಸೈಲೆನ್ಸರ್ ಹಾಕಿಸಿದ್ದೆ. ತೂಕ ಇಳಿಯಿತು, ಪವರ್ ಜಾಸ್ತಿ ಆಗಲಿಲ್ಲ. ಅಂಗಡಿಯವನು ನನ್ನನ್ನು ಕೇಳದೆ ಡಿಬಿ ಕಿಲ್ಲರ್ (ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ತುಂಡು) ತೆಗೆದಿದ್ದ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ದಕ್ಕೆ ಪಕ್ಕದ ಮನೆಯ ಅಜ್ಜಿ ಬೆಚ್ಚಿಬಿದ್ದರು. ನನಗೆ ತುಂಬಾ ಬೇಜಾರಾಯಿತು. ಅವತ್ತೇ ಹಳೆಯ ಸೈಲೆನ್ಸರನ್ನು ವಾಪಸ್ ಹಾಕಿಸಿದೆ.