ದೊಡ್ಡಪ್ಪನ ವಂಶವೃಕ್ಷದಲ್ಲಿ ಡಾಲ್ಫಿನ್

ಡೊಂಬಿವಲಿ ದೊಡ್ಡಪ್ಪ, ಬೆಳಿಗ್ಗೆ 7:42
ಎಲ್ಲರಿಗೂ ಶುಭೋದಯ. ನಮ್ಮ ನಿವೃತ್ತರ ಗುಂಪಿನಲ್ಲಿ ಬಂದ ಈ ಚಿತ್ರವನ್ನು ಮಕ್ಕಳಿಗೆ ತಪ್ಪದೆ ತೋರಿಸಿ. ಇದು ಸಮುದ್ರದ ಡೈನೋಸಾರ್‌ಗಳ ವಂಶವೃಕ್ಷ. ಬುಡದಲ್ಲಿ ಮೊಸಸಾರ್, ಅದರ ಮೇಲೆ ಪ್ಲೀಸಿಯೋಸಾರ್, ಆಮೇಲೆ ಇಕ್ತಿಯೋಸಾರ್, ತುದಿಯಲ್ಲಿ ಡಾಲ್ಫಿನ್. ಇಕ್ತಿಯೋಸಾರಿನ ಎಲುಬುಗಳು ನಮ್ಮ ಕಚ್ಛ್‌ನಲ್ಲಿಯೇ ಸಿಕ್ಕಿವೆ ಎಂಬುದು ಹೆಮ್ಮೆಯ ಸಂಗತಿ.

ಪುಣೆ ಪುಟ್ಟಿ, 8:05
ದೊಡ್ಡಪ್ಪ, ಕಚ್ಛ್‌ನ ಮಾತು ನಿಜ. ಲೋಡಾಯಿ ಎಂಬ ಊರಿನ ಬಳಿ ಸಿಕ್ಕ, ಸುಮಾರು ಐದೂವರೆ ಮೀಟರ್ ಉದ್ದದ, 15 ಕೋಟಿ ವರ್ಷಕ್ಕಿಂತ ಹಳೆಯದಾದ ಆ ಅಸ್ಥಿಪಂಜರದ ವಿವರ 2017ರಲ್ಲಿ ಪ್ರಕಟವಾಯಿತು. ಆದರೆ ಚಿತ್ರದಲ್ಲಿ ಉಳಿದದ್ದನ್ನು ಮಕ್ಕಳಿಗೆ ತೋರಿಸುವ ಮೊದಲು ದಯವಿಟ್ಟು ತಡೆಯಿರಿ. ಮೊಸಸಾರ್, ಪ್ಲೀಸಿಯೋಸಾರ್, ಇಕ್ತಿಯೋಸಾರ್ ಮೂರೂ ಅಳಿದುಹೋದ ಸಮುದ್ರದ ಸರೀಸೃಪಗಳು, ಒಂದೂ ಡೈನೋಸಾರ್ ಅಲ್ಲ. ಡೈನೋಸಾರಿನ ಹತ್ತಿರದ ನೆಂಟ ಬೇಕಿದ್ದರೆ ಮೊಸಳೆಯಿದೆ, ಅದರ ಸ್ವಂತ ಸಂತತಿಯೇ ಬೇಕಿದ್ದರೆ ಇವತ್ತು ನೀವು ತರಲಿರುವ ಕೋಳಿಯಿದೆ. ಬುಡದಲ್ಲಿ ಕೂರಿಸಿರುವ ಮೊಸಸಾರ್ ನಿಜದಲ್ಲಿ ಮೂರರಲ್ಲಿ ಕೊನೆಗೆ ಬಂದದ್ದು. ಅದು ಹಲ್ಲಿ, ಉಡ, ಹಾವುಗಳ ಕುಲದ್ದು.

ಡೊಂಬಿವಲಿ ದೊಡ್ಡಪ್ಪ, 8:19
ಮಗಳೇ, ನೀನು ಭೂವಿಜ್ಞಾನ ಓದುತ್ತಿರುವುದು ನಮಗೆಲ್ಲ ಸಂತೋಷ. ಆದರೆ ಮೂವತ್ತೆಂಟು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಸಹಿ ತಾಳೆ ನೋಡಿದವನು ನಾನು. ಇಕ್ತಿಯೋಸಾರನ್ನೂ ಡಾಲ್ಫಿನ್ನನ್ನೂ ಪಕ್ಕಪಕ್ಕ ಇಟ್ಟು ನೋಡು. ಅದೇ ಉದ್ದ ಮೂತಿ, ಅದೇ ಬೆನ್ನಿನ ರೆಕ್ಕೆ, ಅದೇ ನುಣುಪು ಮೈ. ಇಷ್ಟು ಹೋಲಿಕೆ ರಕ್ತಸಂಬಂಧವಿಲ್ಲದೆ ಬರುವುದಿಲ್ಲ.

ಮಾಟುಂಗಾ ಚಿಕ್ಕಪ್ಪ, 8:21
ಅಣ್ಣಯ್ಯ, ಹಾಗಾದರೆ ನಾನೂ ನೀವೂ ಒಂದೇ ಮನೆಯವರೆಂದು ಯಾರೂ ನಂಬಲಾರರು.

ಮಡಗಾಂವ್ ಅತ್ತೆ, 8:40
ಅಣ್ಣಯ್ಯ, ನನಗೆ ವಿಜ್ಞಾನ ತಿಳಿಯದು, ಮೀನು ತಿಳಿಯುತ್ತದೆ. ನಾವು ಅಂಜಲ್ ಎನ್ನುವ, ಇಲ್ಲಿಯವರು ಇಸ್ವಣ್ ಎನ್ನುವ ಮೀನನ್ನು ನಿನ್ನೆ ತಾನೇ ಕೊಯ್ಯಿಸಿ ತಂದಿದ್ದೇನೆ. ಅದರ ಬಾಲ ನೆಟ್ಟಗೆ ನಿಂತಿರುತ್ತದೆ, ಎಡಬಲಕ್ಕೆ ಬೀಸುತ್ತದೆ. ಕಳೆದ ಡಿಸೆಂಬರಿನಲ್ಲಿ ನೀವೆಲ್ಲ ಬಂದಿದ್ದಾಗ ಸಿಂಕೇರಿಯಲ್ಲಿ ದೋಣಿಯಿಂದ ನೋಡಿದ ಡಾಲ್ಫಿನ್ನಿನ ಬಾಲ ಚಪ್ಪಟೆಯಾಗಿ ಮಲಗಿತ್ತು, ಮೇಲೆ ಕೆಳಗೆ ಆಡುತ್ತಿತ್ತು. ನಿಮ್ಮ ಚಿತ್ರದಲ್ಲಿ ಡಾಲ್ಫಿನ್ನಿನ ಕೆಳಗಿರುವ ಇಕ್ತಿಯೋಸಾರಿನ ಬಾಲ ನನ್ನ ಅಂಜಲಿನದರಂತೆ ನಿಂತಿದೆಯಲ್ಲ?

ಪುಣೆ ಪುಟ್ಟಿ, 9:02
ಅತ್ತೆ, ನಾನು ಹೇಳಬೇಕೆಂದಿದ್ದನ್ನು ನೀವು ಈಳಿಗೆಮಣೆಯ ಮುಂದೆ ಕುಳಿತೇ ಹೇಳಿಬಿಟ್ಟಿರಿ. ಇಕ್ತಿಯೋಸಾರಿನ ಬೆನ್ನುಹುರಿಯ ಎಲುಬು ಬಾಲದ ಬಳಿ ತಟ್ಟನೆ ಕೆಳಕ್ಕೆ ಬಾಗಿ ಬಾಲದ ಕೆಳಗಿನ ಕವಲಿನೊಳಗೆ ಇಳಿಯುತ್ತದೆ. ಮೊದಮೊದಲು ಇದನ್ನು ಕಂಡವರು ಸತ್ತ ಮೇಲೆ ಮುರಿದದ್ದೆಂದುಕೊಂಡಿದ್ದರು. ಜರ್ಮನಿಯ ಹೋಲ್ಟ್ಸ್‌ಮಾಡೆನ್‌ನಲ್ಲಿ ಚರ್ಮದ ಅಂಚಿನ ಅಚ್ಚೂ ಉಳಿದಿದ್ದ ಪಳೆಯುಳಿಕೆಗಳು ಸಿಕ್ಕಿದಾಗ ಬಾಲ ಮೀನಿನಂತೆ ನಿಂತಿತ್ತೆಂಬುದು ಖಚಿತವಾಯಿತು. ಡಾಲ್ಫಿನ್ನಿನ ಪೂರ್ವಜರು ನೆಲದ ಮೇಲೆ ಓಡುವಾಗ ಬೆನ್ನನ್ನು ಮೇಲೆ ಕೆಳಗೆ ಬಳುಕಿಸುತ್ತಿದ್ದ ಸಸ್ತನಿಗಳು, ಆ ಬಳುಕನ್ನೇ ನೀರಿಗೂ ತಂದರು; ಸರೀಸೃಪಗಳಾದರೋ ಹಲ್ಲಿಯ ಹಾಗೆ ಎಡಬಲಕ್ಕೆ ಬಳುಕಿ ನಡೆದವು, ಹಾಗೆಯೇ ಈಜಿದವು.

ಕಾಲವೂ ಹೊಂದುವುದಿಲ್ಲ. ಇಕ್ತಿಯೋಸಾರ್‌ಗಳು ಸುಮಾರು 9 ಕೋಟಿ ವರ್ಷಗಳ ಹಿಂದೆಯೇ ಮುಗಿದುಹೋದವು. ಡಾಲ್ಫಿನ್ ಸೇರಿರುವ ತಿಮಿಂಗಿಲಗಳ ಕುಲ ನೀರಿಗೆ ಇಳಿಯತೊಡಗಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ, ಅದೂ ಇಂದಿನ ಭಾರತ, ಪಾಕಿಸ್ತಾನಗಳ ನೆಲದಲ್ಲಿ. ಆ ಕುಲದ ಹೊರಗೆ, ಬದುಕಿರುವ ಪ್ರಾಣಿಗಳಲ್ಲಿ ಡಾಲ್ಫಿನ್ನಿಗೆ ಹತ್ತಿರದ ನೆಂಟ ನೀರಾನೆ. ವೇಗವಾಗಿ ಈಜಿ ಬೇಟೆಯಾಡಬೇಕಾದವರಿಗೆ ನೀರು ಒಂದೇ ಅಳತೆಯ ಅಂಗಿಯನ್ನು ಹೊಲಿದುಕೊಡುತ್ತದೆ, ದೊಡ್ಡಪ್ಪ. ನಕಲಿ ಸಹಿಯೂ ದೂರದಿಂದ ಅಸಲಿಯಂತೆಯೇ ಕಾಣುತ್ತದೆ, ಒತ್ತು ಎಲ್ಲಿ ಬಿದ್ದಿದೆಯೆಂದು ನೋಡಿ ಹಿಡಿಯುತ್ತಿದ್ದವರು ನೀವೇ.

ಡೊಂಬಿವಲಿ ದೊಡ್ಡಪ್ಪ, 9:30
ಡಾಲ್ಫಿನ್ ವಿಷಯವನ್ನು ಬಿಟ್ಟುಕೊಡುತ್ತೇನೆ. ಆದರೆ ಇಕ್ತಿಯೋಸಾರ್, ಪ್ಲೀಸಿಯೋಸಾರ್ ಎರಡೂ ಒಂದೇ ಮನೆಯವು. ಅಟ್ಟದಿಂದ ಹಳೆಯ ವಿಶ್ವಕೋಶವನ್ನು ಈಗಷ್ಟೇ ಇಳಿಸಿ ನೋಡಿದೆ. ಎರಡಕ್ಕೂ ಕಣ್ಣಿನ ಹಿಂದೆ, ತಲೆಬುರುಡೆಯ ಮೇಲ್ಭಾಗದಲ್ಲಿ ಒಂದೊಂದೇ ತೂತು ಇರುವುದರಿಂದ ಅವನ್ನು ಒಂದೇ ವರ್ಗಕ್ಕೆ ಸೇರಿಸಲಾಗಿದೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಇದಕ್ಕೆ ಏನು ಹೇಳುತ್ತೀ?

ಪುಣೆ ಪುಟ್ಟಿ, 10:11
ಇದು ಸರಿಯಾದ ವಾದ, ದೊಡ್ಡಪ್ಪ. ಬಹಳ ಕಾಲ ವಿದ್ವಾಂಸರೂ ಹಾಗೆಯೇ ತಿಳಿದಿದ್ದರು. ಹಲ್ಲಿ, ಮೊಸಳೆ, ಡೈನೋಸಾರ್‌ಗಳ ಪೂರ್ವಜರಿಗೆ ಪ್ರತಿ ಕಣ್ಣಿನ ಹಿಂದೆ ಮೇಲೊಂದು, ಕೆಳಗೊಂದು, ಹೀಗೆ ಎರಡು ತೂತುಗಳಿದ್ದವು. ಇಕ್ತಿಯೋಸಾರ್, ಪ್ಲೀಸಿಯೋಸಾರ್‌ಗಳ ಪೂರ್ವಜರಿಗೂ ಎರಡೇ ಇದ್ದವೆಂಬುದು ಈಗಿನ ತಿಳಿವಳಿಕೆ. ಕೆಳಗಿನ ತೂತಿಗೆ ಹೊಸ್ತಿಲಿನಂತಿದ್ದ ಎಲುಬಿನ ಪಟ್ಟಿ ಇಲ್ಲವಾಗಿ ಅದು ತೆರೆದುಕೊಂಡಿತು, ಎಣಿಸುವವರ ಲೆಕ್ಕಕ್ಕೆ ಮೇಲಿನದು ಮಾತ್ರ ಉಳಿಯಿತು. ನಮ್ಮ ಓತಿಕ್ಯಾತನಿಗೂ ಕೆಳಗಿನ ಪಟ್ಟಿ ಇಲ್ಲ. ಆದ್ದರಿಂದ ಒಂದೇ ತೂತು ಎಂಬುದಷ್ಟರಿಂದ ಎರಡನ್ನೂ ಒಂದು ಮನೆಗೆ ಸೇರಿಸಲಾಗದು.

ಆದರೂ ನೀವು ಪೂರ್ತಿ ಸೋತಿಲ್ಲ. ಎಲುಬಿನ ನೂರಾರು ಲಕ್ಷಣಗಳನ್ನು ಒಟ್ಟಿಗೆ ಹೋಲಿಸಿದ ಕೆಲವು ವಿಶ್ಲೇಷಣೆಗಳಲ್ಲಿ ಈ ಎರಡು ಕುಲಗಳು ಮತ್ತೆ ಅಕ್ಕಪಕ್ಕ ಬಂದು ಕೂರುತ್ತವೆ, ಇನ್ನು ಕೆಲವುಗಳಲ್ಲಿ ದೂರ ಸರಿಯುತ್ತವೆ. ತೊಂದರೆಯೆಂದರೆ ನಮಗೆ ಸಿಗುವ ಇಕ್ತಿಯೋಸಾರ್‌ಗಳಲ್ಲಿ ಬಹುತೇಕ ಎಲ್ಲವೂ ಆಗಲೇ ಪೂರ್ತಿ ನೀರಿನವಾಗಿವೆ. ನೆಲ ಬಿಟ್ಟು ನೀರಿಗಿಳಿಯುತ್ತಿದ್ದ ಹಂತದವು ತೀರಾ ಅಪರೂಪ. ಚೀನಾದ ಅನ್‌ಹುಯಿ ಪ್ರಾಂತ್ಯದಲ್ಲಿ ಸಿಕ್ಕು 2014ರಲ್ಲಿ ಹೆಸರು ಪಡೆದ ಕಾರ್ಟೊರಿಂಕಸ್ ಎಂಬ ಸುಮಾರು ಮೊಳದುದ್ದದ ಪ್ರಾಣಿ ಸೀಲ್‌ನಂತೆ ದಡದ ಮೇಲೂ ತೆವಳುತ್ತಿದ್ದಿರಬಹುದೆಂಬ ಊಹೆಯಿದೆ. ಅಂಥವು ಇನ್ನೂ ಹತ್ತಾರು ಸಿಗಬೇಕು.

ಮಾಟುಂಗಾ ಚಿಕ್ಕಪ್ಪ, 10:20
ನಮ್ಮ ಅಂಧೇರಿಯ ಗಿಲ್ಬರ್ಟ್ ಗುಡ್ಡದಲ್ಲಿ ಅಗೆದರೆ ಸಿಗಲಾರವೇ?

ಪುಣೆ ಪುಟ್ಟಿ, 10:24
ಇಲ್ಲ ಚಿಕ್ಕಪ್ಪ, ಅದು ಲಾವಾ ಆರಿ ನಿಂತ ಕಂಬಗಳ ಗುಡ್ಡ. ಆ ಲಾವಾ ಉಕ್ಕಿದ್ದು ಮೊಸಸಾರ್‌ಗಳ ಕೊನೆಗಾಲದ ಆಸುಪಾಸಿನಲ್ಲಿ ಎಂಬುದಷ್ಟೇ ನಂಟು.

ಡೊಂಬಿವಲಿ ದೊಡ್ಡಪ್ಪ, 10:37
ಮೊಸಸಾರ್ ಉಡದ ಕಡೆಯದೆಂದು ಮೊದಲು ಹೇಳಿದವರು ಯಾರು?

ಪುಣೆ ಪುಟ್ಟಿ, 10:52
ಅದೂ ಒಂದು ಮನೆಯೊಳಗಿನ ಭಿನ್ನಾಭಿಪ್ರಾಯವೇ, ದೊಡ್ಡಪ್ಪ. ಹದಿನೆಂಟನೆಯ ಶತಮಾನದಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ಊರಿನ ಸುಣ್ಣಕಲ್ಲಿನ ಗಣಿಯಲ್ಲಿ ದೊಡ್ಡದೊಂದು ದವಡೆ ಸಿಕ್ಕಿತು. ಪೆಟ್ರಸ್ ಕ್ಯಾಂಪರ್ ಎಂಬ ಹೆಸರಾಂತ ಅಂಗರಚನಾಶಾಸ್ತ್ರಜ್ಞರು ಅದನ್ನು ತಿಮಿಂಗಿಲವೆಂದರು. ಅವರ ಮಗ ಆಡ್ರಿಯಾನ್, ಇದು ಉಡದಂಥ ಹಲ್ಲಿಯದು ಎಂದ. 1808ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೇ ಮಗನ ಮಾತನ್ನು ಒಪ್ಪಿದರು. ಮೊಸಸಾರ್ ಉಡಕ್ಕೆ ಹತ್ತಿರವೋ ಹಾವಿಗೆ ಹತ್ತಿರವೋ ಎಂಬ ತಕರಾರು ಇನ್ನೂ ನಡೆದಿದೆ. ಹಾವಿಗಿರುವಂತೆ ಅದರ ಅಂಗುಳಿನಲ್ಲೂ ಇನ್ನೆರಡು ಸಾಲು ಹಲ್ಲುಗಳಿರುವುದು ಹಾವಿನ ಪಕ್ಷದವರಿಗೆ ಅನುಕೂಲದ ಸಂಗತಿ.

ಡೊಂಬಿವಲಿ ದೊಡ್ಡಪ್ಪ, 11:30
ಚಿತ್ರದ ತುದಿಯಿಂದ ಡಾಲ್ಫಿನ್ನನ್ನು ಕತ್ತರಿಸಿ, ನಿವೃತ್ತರ ಗುಂಪಿಗೆ ತಿದ್ದುಪಡಿಯೊಂದಿಗೆ ಮತ್ತೆ ಕಳಿಸಿದ್ದೇನೆ. ಬುಡದಲ್ಲಿರುವ ಮೊಸಸಾರನ್ನು ಕಿತ್ತು ಉಡದ ಪಕ್ಕ ಇಡುವುದಾಗಲಿ, ಮೇಲಿನ ‘ಡೈನೋಸಾರ್’ ಎಂಬ ಪದವನ್ನು ಅಳಿಸುವುದಾಗಲಿ ನನ್ನ ಮೊಬೈಲಿನಲ್ಲಿ ಆಗುತ್ತಿಲ್ಲ. ಗಣೇಶ ಚತುರ್ಥಿಗೆ ಬಂದಾಗ ನೀನೇ ಮಾಡಿಕೊಡು. ಆದರೆ ನಡುವಿನ ಆ ಎರಡನ್ನು ಮಾತ್ರ ಬೇರ್ಪಡಿಸಬೇಡ, ಅದಿನ್ನೂ ತೀರ್ಮಾನವಾಗಿಲ್ಲವೆಂದು ನೀನೇ ಬರೆದಿದ್ದೀ.