ಓದುಗರ ಸ್ಪಂದನ: 'ಮನೆ ಅಡಿಕೆ, ಏನೂ ಆಗಲ್ಲ'

ಸಾಗರ ಕಡೆಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಹೇಳಿಕೊಂಡಿದ್ದರು: ಅಪ್ಪಯ್ಯನಿಗೆ ಖಾರ ತಾಗಿದರೆ ಬಾಯಿ ಉರಿ, ದವಡೆ ಬಿಗಿದು ತುತ್ತಿಡುವುದೇ ಕಷ್ಟ. ಎಲೆ-ಅಡಿಕೆಯ ಕವಳ ಮಾತ್ರ ಬಿಡರು. "ತಂಬಾಕು ಮುಟ್ಟಿದವನಲ್ಲ, ಮನೆ ಅಡಿಕೆ ಏನು ಮಾಡ್ತದೆ?" ಎನ್ನುತ್ತಾರೆ. ಮನೆಯವರೂ ಹೂಂಗುಟ್ಟುತ್ತಾರೆ, ಉಣ್ಣುವ ಅನ್ನವೇ ತೋಟದ್ದು. ಅವರಿಗೆ ಹೇಗೆ ಹೇಳಲಿ?

ಹೊಸನಗರದಿಂದ ಒಬ್ಬ ಗೃಹಿಣಿ:
ತಂಗೀ, ನಮ್ಮನೆಯವರದ್ದೂ ಶುರುವಾಗಿದ್ದು ಉರಿಯಿಂದಲೇ. ಸುಣ್ಣ ಜಾಸ್ತಿಯಾಯ್ತು ಅಂದುಕೊಂಡೆವು. ಸುಣ್ಣ ಕಡಿಮೆ ಮಾಡಿದರು, ಕವಳ ಕಡಿಮೆ ಮಾಡಲಿಲ್ಲ. ನಾನು ಸಾರಿಗೆ ಮೆಣಸು ಹಾಕುವುದು ಬಿಟ್ಟೆ. ಆಮೇಲೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿ, ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿ ಕೊಡತೊಡಗಿದೆ. ನೆಂಟರು ಕೇಳಿದರೆ ಪಥ್ಯ ಅನ್ನುತ್ತಿದ್ದೆ. ಹೇಳಿ ಹೇಳಿ ನಾನೂ ಅದನ್ನೇ ನಂಬಿದೆ. ಶಿವಮೊಗ್ಗಕ್ಕೆ ಹೋಗೋಣ ಅಂದರೆ ಕೊನೆಕೊಯ್ಲು ಮುಗೀಲಿ ಅಂದರು. ಸುಲಿದು, ಬೇಯಿಸಿ, ಒಣಗಿಸಿ ಆದ ಮೇಲೆ ರೇಟು ನೋಡಿ ಮಂಡಿಗೆ ಹಾಕೋಣ ಅಂದರು. ಆಮೇಲೆ ಮಗಳ ಮದುವೆ. ಮದುವೆ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ಇವರೊಬ್ಬರು ತುಟಿ ಬಿಗಿದು ನಿಂತಿದ್ದಾರೆ. ಏನು ಗಾಂಭೀರ್ಯ ಅಂತ ಬೀಗರು ಹೊಗಳಿದರು! ಡಾಕ್ಟರು ಕೆನ್ನೆಯ ಒಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸುವ ಹೊತ್ತಿಗೆ ಬಾಯೊಳಗೆ ಚಮಚ ಹೋಗುತ್ತಿರಲಿಲ್ಲ. ಈಗ ಅವರಿಲ್ಲ. ನೀನು ಕೇಳಿದ್ದು ಹೇಗೆ ಹೇಳಬೇಕು ಅಂತ. ಅದು ನನಗೂ ಗೊತ್ತಾಗಲಿಲ್ಲವಲ್ಲ ತಂಗೀ.

ಭದ್ರಾವತಿಯಿಂದ:
ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯಲು ಊರವರ ಸಲಹೆ ಬೇಕೇ? ಬಸ್ಸು ಹತ್ತಿಸಿ.

ತೀರ್ಥಹಳ್ಳಿಯ ಬೆಳೆಗಾರರು:
ಎಲೆಚುಕ್ಕಿ ರೋಗದಿಂದ ತೋಟ ಬೋಳಾಗುತ್ತಿದೆ, ಹೊರದೇಶದ ಅಡಿಕೆ ಬಂದು ಬೀಳುತ್ತಿದೆ. ಇಂಥ ಹೊತ್ತಿನಲ್ಲಿ ನೀವೂ ಅಡಿಕೆಗೆ ಮಸಿ ಬಳಿಯಬೇಕೇ? ತಾಂಬೂಲವಿಲ್ಲದೆ ಯಾವ ಶುಭಕಾರ್ಯ ನಡೆದೀತು? ನಮ್ಮಜ್ಜ ಕೊನೆತನಕ ಕವಳ ಹಾಕಿದವರು, ಏನೂ ಆಗಿರಲಿಲ್ಲ. ಕೆಟ್ಟದ್ದು ಗುಟ್ಕಾ.

*(ಬೆಳೆಗಾರರ ಸಂಕಟ ನಮಗೆ ಅರ್ಥವಾಗುತ್ತದೆ, ಪತ್ರವನ್ನು ಹಾಗೆಯೇ ಕೊಟ್ಟಿದ್ದೇವೆ. ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲೇ ನಿಷೇಧಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದೇ ಹೇಳಿದೆ. ಯಾರ ತೋಟದ್ದು ಎಂಬ ವ್ಯತ್ಯಾಸ ಅದರಲ್ಲಿಲ್ಲ. - ಸಂ.)*

ಸಾಗರದಿಂದ ನಿವೃತ್ತ ನರ್ಸ್:
ವಾದಕ್ಕೆ ಇಳಿಯಬೇಡಿ, ವಾದದಲ್ಲಿ ಹಿರಿಯರೇ ಗೆಲ್ಲುತ್ತಾರೆ. ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ನೋಡಿ ಅನ್ನಿ. ಹಿಡಿಸದಿದ್ದರೆ ಅವರಿಗೇ ತಿಳಿಯುತ್ತದೆ. ಅಡಿಕೆಯಿಂದ ಕೆನ್ನೆಯ ಒಳಪದರ ನಾರಿನಂತೆ ಗಟ್ಟಿಯಾಗುವ ಕಾಯಿಲೆ ಇದಿರಬಹುದು, ಪರೀಕ್ಷಿಸಿಯೇ ಹೇಳಬೇಕು. ಅದೇ ಆಗಿದ್ದರೆ, ಬಿಗಿದದ್ದು ಪೂರ್ತಿ ಸಡಿಲವಾಗುವುದು ಕಷ್ಟ, ಆದರೂ ಕವಳ ಬಿಡುವುದೇ ಮೊದಲ ಮದ್ದು. ಬಿಳಿ ಕಲೆಯಿದ್ದರೆ, ಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ ತಡಮಾಡಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ತೋರಿಸಬಹುದು. "ಹಲ್ಲು ತೋರಿಸಿಕೊಂಡು ಬರೋಣ" ಅಂದರೂ ಸರಿ, ಒಮ್ಮೆ ಬಾಯಿ ತೆರೆಸಿದರೆ ಸಾಕು.

ಶಿಕಾರಿಪುರದಿಂದ ಒಬ್ಬ ವಿದ್ಯಾರ್ಥಿ:
ನನ್ನ ಫೀಸು ಅಡಿಕೆಯದ್ದೇ. ನಮ್ಮ ರಾಶಿ ಅಡಿಕೆ ಮಂಡಿ ದಾಟಿ ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ಊಟಕ್ಕೆ ಕೂತಾಗ ಕೇಳಿದೆ. ಅಮ್ಮ ಇನ್ನೊಂದು ಸೌಟು ಸಾರು ಬಡಿಸಿದಳು.

*(ಅಡಿಕೆ ಧಾರಣೆ ಮತ್ತು ಆಮದಿನ ಕುರಿತು ಬಂದ ಉಳಿದ ಪತ್ರಗಳನ್ನು ಕೃಷಿ ಪುಟಕ್ಕೆ ಕಳಿಸಿದ್ದೇವೆ. - ಸಂ.)*